ಸಲೀಸಾಗಿ ಹೋದ ನಟ್ಟಿನ ಮೇಲೆ ಅನುಮಾನ ಇರಲಿ: ಹಳೆಯ ಗಾಡಿಯ ಥ್ರೆಡ್ ಪತ್ತೆ ಮಾಡುವುದು

ಪುಣೆ ಹತ್ತಿರದ ಚಿಂಚವಡದಿಂದ ಲೋಣಾವಳದ ಕಡೆ ಹೊರಟಿದ್ದೆವು, ಹಳೆಯ ಹೈವೇಯಲ್ಲಿ. ಕಾಮಶೇತ್ ಹತ್ತಿರ ಬರುವಷ್ಟರಲ್ಲಿ ಜೀಪಿನ ಮುಂದಿನ ಎಡಗಡೆಯಿಂದ ಟಕ್ ಟಕ್ ಶಬ್ದ ಶುರುವಾಯಿತು. ಸ್ಪೀಡ್ ಏರಿದರೆ ಅದೂ ಏರುತ್ತದೆ, ಬ್ರೇಕ್ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಇಳಿದು ನೋಡಿದರೆ ಐದು ವೀಲ್ ನಟ್‌ಗಳಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು. ವಾರದ ಹಿಂದೆ ಅವನ್ನು ಬಿಗಿ ಮಾಡಿದ್ದು ನಾನೇ, ಪಾನಾ (ಸ್ಪ್ಯಾನರ್) ಮೇಲೆ ಕಾಲಿಟ್ಟು ಒತ್ತಿದ್ದೆ.

ಅಲ್ಲೇ ಮತ್ತೆ ಬಿಗಿ ಮಾಡಿ ಮನೆಗೆ ಬಂದೆ. ನಾಲ್ಕು ದಿನಕ್ಕೆ ಅದೇ ಎರಡು ನಟ್ ಮತ್ತೆ ಸಡಿಲ. ನಟ್ ಸವೆದಿದೆ ಅಂದುಕೊಂಡು ಹೊಸ ನಟ್ ತಂದೆ, ಹಾಕಿದೆ, ಮೂರನೇ ದಿನ ಅದೂ ಸಡಿಲ. ಆಗ ಸಹಾಯಕ್ಕೆ ಬಂದವರು ಪಕ್ಕದ ಬಿಲ್ಡಿಂಗಿನ ಕಾಕಾ. ಗೋಕಾಕದ ಕಡೆಯವರು, ಭೋಸರಿಯ ಒಂದು ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ನಟ್ ಕೈಗೆ ತೆಗೆದುಕೊಳ್ಳಲೇ ಇಲ್ಲ. "ನಟ್ ಬಿಡು, ಸ್ಟಡ್ ಅಳೆ" ಅಂದರು. ಸ್ಟಡ್ ಅಂದರೆ ಹಬ್ಬಿನಿಂದ ಹೊರಗೆ ಚಾಚಿದ, ನಟ್ ಕೂರುವ ಬೋಲ್ಟ್. ವರ್ನಿಯರ್ (ದಪ್ಪ ಅಳೆಯುವ ಕ್ಯಾಲಿಪರ್) ಹಿಡಿದೆ. ಮೂರು ಸ್ಟಡ್ 12.6 ಮಿಮೀ ತೋರಿಸಿದವು. ಎರಡು 11.85.

ಅಷ್ಟೇ ವಿಷಯ. ಜೀಪಿನ ಅಸಲಿ ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಹಲ್ಲು, ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಹಲ್ಲಿನ ಥ್ರೆಡ್. ಹಿಂದೆ ಯಾರೋ ಎರಡು ಸ್ಟಡ್ ಮುರಿದಾಗ ಕೈಗೆ ಸಿಕ್ಕ ಎಂ12 × 1.25 ಸ್ಟಡ್ (ಮೆಟ್ರಿಕ್, 12 ಮಿಮೀ ದಪ್ಪ, 1.25 ಮಿಮೀ ಪಿಚ್) ಹೊಡೆದು, ಹಿಂದುಗಡೆ ಒಂದು ವೆಲ್ಡ್ ಚುಕ್ಕೆ ಇಟ್ಟು ಕಳಿಸಿದ್ದರು. ಮಾರುತಿ ಕಾರುಗಳಿಗೆ ಬರುವ ಸ್ಟಡ್ ಅದೇ ಅಳತೆ, ಆದ್ದರಿಂದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಪಿಚ್ ಅಂದರೆ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ದೂರ. ಇಂಚಿಗೆ 20 ಹಲ್ಲು ಅಂದರೆ ಪಿಚ್ 1.27 ಮಿಮೀ. ಆ ಕಡೆ 1.25. ಬರೀ 0.02 ಮಿಮೀ ವ್ಯತ್ಯಾಸ, ನಟ್ಟಿನ ಉದ್ದದಲ್ಲಿ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ನಟ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಆದರೆ ದಪ್ಪದಲ್ಲಿ 0.7 ಮಿಮೀ ಕಡಿಮೆ. ಸರಿಯಾದ ಜೋಡಿಯಲ್ಲಿ ಹಲ್ಲು ಹಲ್ಲನ್ನು ಪ್ರತಿ ಬದಿಗೆ ಅರ್ಧ ಮಿಮೀಗಿಂತ ಜಾಸ್ತಿ ಕಚ್ಚುತ್ತದೆ, ಇಲ್ಲಿ ಕಚ್ಚಿದ್ದು 0.2 ಆಸುಪಾಸು. ಬರೀ ತುದಿ. ಪಾನಾ ತಲೆಗೂ ವ್ಯತ್ಯಾಸ ತಿಳಿಯಲಿಲ್ಲ, ಯಾಕಂದರೆ ಜೀಪಿನ ನಟ್ 3/4 ಇಂಚು, ಅಂದರೆ 19.05 ಮಿಮೀ, 19ರ ಸಾಕೆಟ್ ಜೀಪಿನ ನಟ್ಟಿಗೂ ಮಾರುತಿಯ ನಟ್ಟಿಗೂ ಕೂರುತ್ತದೆ.

ಆ ದಿನದಿಂದ ನಾನು ಮಾಡುವ ಕ್ರಮ ಬದಲಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಜೀಪ್ ಇಟ್ಟುಕೊಂಡವರಿಗೆ ಮಾತ್ರ ಅಲ್ಲ, ಬುಲೆಟ್, ಅಂಬಾಸಡರ್, ಪದ್ಮಿನಿ ಯಾವುದೇ ಇರಲಿ.

ಮೊದಲು ಬೆರಳಿಗೆ ಏನು ತಿಳಿಯುತ್ತದೆ

ಪಾನಾ ಹಿಡಿಯುವ ಮೊದಲು ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ. ಇದು ಪುಕ್ಕಟೆ ಟೆಸ್ಟ್, ಆದರೂ ಅರ್ಧ ಜನ ಮಾಡುವುದಿಲ್ಲ.

ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಗಪ್ಪಂತ ನಿಂತರೆ ಪಿಚ್ ಬೇರೆ. ಎಂ8 ತೂತಿಗೆ 5/16 ಯುಎನ್‌ಎಫ್ ಬೋಲ್ಟ್ ಹಾಕಿದರೆ ಹೀಗೇ ಆಗುತ್ತದೆ. ಇಲ್ಲಿ ಪಾನಾ ಹಾಕಿ "ಸ್ವಲ್ಪ ತುಕ್ಕು ಇರಬೇಕು" ಅಂತ ಒತ್ತುವುದಿದೆಯಲ್ಲ, ಅದು ತೂತನ್ನು ಕೊಲ್ಲುವ ಕೆಲಸ. ಅಲ್ಯೂಮಿನಿಯಂ ಆದರೆ ಎರಡೇ ನಿಮಿಷ.

ಪೂರ್ತಿ ಸಲೀಸಾಗಿ ಹೋಗಿ, ಅಲ್ಲಾಡಿಸಿದರೆ ಅಕ್ಕಪಕ್ಕ ಆಡಿದರೆ, ದಪ್ಪ ಕಡಿಮೆ. ನನ್ನ ವೀಲ್ ನಟ್ ಕಥೆ ಇದು. ಎಲ್ಲಕ್ಕಿಂತ ಅಪಾಯ ಇದೇ, ಯಾಕಂದರೆ ಇದು ಒಳ್ಳೆಯ ಬೋಲ್ಟ್ ಥರ ನಟಿಸುತ್ತದೆ. ಹೊಸ ಬೋಲ್ಟಿಗೂ ತುಸು ಸಡಿಲ ಇರುತ್ತದೆ, ಆದರೆ ಅರ್ಧ ಇಳಿಸಿದ ಮೇಲೂ ತಲೆ ಹಿಡಿದು ಅಲ್ಲಾಡಿಸಿದಾಗ ಟಿಕ್ ಟಿಕ್ ಅಂದರೆ ಅದು ಸರಿಯಾದ ಜೋಡಿ ಅಲ್ಲ.

ಮೊದಲ ಸುತ್ತಿಂದಲೇ ಒಂದೇ ಸಮ ಬಿಗಿ, ಆದರೆ ಹೋಗುತ್ತದೆ ಅಂದರೆ ಪೇಂಟ್, ಕೊಳೆ, ಇಲ್ಲವೇ ಹಲ್ಲಿನ ಕೋನ ಬೇರೆ. ಕೋನದ ವಿಷಯಕ್ಕೆ ಆಮೇಲೆ ಬರುತ್ತೇನೆ. ಇನ್ನು ತುದಿಯಲ್ಲಿ ಚೆನ್ನಾಗಿ ಹೋಗಿ ಒಂದು ಜಾಗದಲ್ಲಿ ಮಾತ್ರ ಹಿಡಿದರೆ ಬೋಲ್ಟ್ ಎಳೆದುಕೊಂಡಿದೆ, ಅಂದರೆ ಹಿಗ್ಗಿದೆ. ಪಿಚ್ ಗೇಜ್ (ಹಲ್ಲು ಕೊರೆದ ಎಲೆಗಳಿರುವ ಅಳತೆ ಸಾಧನ) ಇಟ್ಟರೆ ತುದಿಗೆ ಕೂರುತ್ತದೆ, ನಡುವೆ ಕೂರುವುದಿಲ್ಲ. ಅದನ್ನು ಅಳೆಯುತ್ತಾ ಕೂರಬೇಡಿ, ಎಸೆಯಿರಿ.

ಗಾಡಿ ಯಾವ ಮನೆತನದ್ದು

ಅಳೆಯುವ ಮೊದಲು ಗಾಡಿಯ ಹುಟ್ಟು ಕೇಳಬೇಕು. ಇಲ್ಲದಿದ್ದರೆ ನಂಬರ್ ಸಿಕ್ಕರೂ ಅರ್ಥ ಸಿಗುವುದಿಲ್ಲ.

ಮಹೀಂದ್ರಾ ಜೀಪ್ ಅಂದರೆ ವಿಲ್ಲಿಸ್. 1940ರ ದಶಕದ ಕೊನೆಗೆ ಮುಂಬೈಯಲ್ಲಿ ಜೋಡಿಸಲು ಶುರು ಮಾಡಿದ ಅಮೆರಿಕನ್ ಗಾಡಿ. ಹಾಗಾಗಿ ಚಾಸಿ, ಆಕ್ಸಲ್, ಸ್ಪ್ರಿಂಗ್, ಚಕ್ರ ಎಲ್ಲ ಇಂಚು, ಯುಎನ್‌ಎಫ್ ಮತ್ತು ಯುಎನ್‌ಸಿ (ಅದೇ ಕುಟುಂಬದ ದೊಡ್ಡ ಹಲ್ಲಿನದು). ಆದರೆ 80ರ ದಶಕದ ಜೀಪುಗಳಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ ಇದೆ, ಅದು ಫ್ರೆಂಚ್, ಮೆಟ್ರಿಕ್. ನನ್ನದು ಅಂಥದ್ದೇ. ಒಂದೇ ಬಾನೆಟ್ ಕೆಳಗೆ ಎರಡು ದೇಶ. ಎಂಜಿನ್ ಮೌಂಟಿಂಗ್ ಹತ್ತಿರ ಬಂದರೆ ಒಂದೇ ಬ್ರಾಕೆಟ್ಟಿನ ಒಂದು ತುದಿ ಮೆಟ್ರಿಕ್, ಇನ್ನೊಂದು ತುದಿ ಇಂಚು. ಗಡಿ ಭಾಗದ ಊರಿನ ಹಾಗೆ, ಬಸ್ ಸ್ಟ್ಯಾಂಡ್ ಈ ಕಡೆ, ಸಂತೆ ಆ ಕಡೆ.

ಪ್ರೀಮಿಯರ್ ಪದ್ಮಿನಿ ಮುಂಬೈ ಕುರ್ಲಾದಲ್ಲಿ ತಯಾರಾದರೂ ರಕ್ತ ಇಟಲಿಯ ಫಿಯೆಟ್‌ದು, ಹಾಗಾಗಿ ಮೆಟ್ರಿಕ್. ನಮ್ಮ ಆಕುರ್ಡಿಯ ಚೇತಕ್ ಕೂಡ ವೆಸ್ಪಾ ಮನೆತನ, ಮೆಟ್ರಿಕ್. ಮೈಸೂರಿನ ಯೆಜ್ಡಿಯ ಮೂಲ ಜೆಕೊಸ್ಲೊವಾಕಿಯಾದ ಜಾವಾ, ಅದೂ ಮೆಟ್ರಿಕ್. ಈ ಮೂರರಲ್ಲಿ ಇಂಚಿನ ಬೋಲ್ಟ್ ಕಂಡರೆ ಅದು ನಂತರ ಸೇರಿದ ನೆಂಟ. ಅಂಬಾಸಡರ್ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್, ಆದರೂ ಅದರ ಬಿ-ಸೀರೀಸ್ ಎಂಜಿನ್ ಯುಎನ್‌ಎಫ್. ಬ್ರಿಟಿಷ್ ಗಾಡಿಗೆ ಅಮೆರಿಕನ್ ಥ್ರೆಡ್ ಯಾಕೆ ಅಂದರೆ, ಯುದ್ಧದ ಕಾಲದಲ್ಲಿ ಎರಡೂ ದೇಶದ ಬೋಲ್ಟ್ ಒಂದಕ್ಕೊಂದು ಕೂರದೆ ಪರದಾಡಿದ ಮೇಲೆ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ ಒಂದೇ ಥ್ರೆಡ್ಡಿಗೆ ಒಪ್ಪಿಕೊಂಡವು. ಯುಎನ್ ಅಂದರೆ ಯೂನಿಫೈಡ್. ವಿಶ್ವಸಂಸ್ಥೆ ಅಲ್ಲ, ಕೆಲಸ ಹೆಚ್ಚು ಕಡಿಮೆ ಅದೇ.

ಹಳೆಯ ಬುಲೆಟ್ ನಿಜವಾದ ತಲೆನೋವು. 1955ರಿಂದ ಮದ್ರಾಸಿನಲ್ಲಿ ಬಂದ ಗಾಡಿ, ಒಳಗೆ ಆ ಕಾಲದ ಬ್ರಿಟಿಷ್ ಥ್ರೆಡ್‌ಗಳ ಜಾತ್ರೆ. ಸೈಕಲ್ ಥ್ರೆಡ್ ಇದೆ, ವಿಟ್ವರ್ತ್ (ಹಳೆಯ ಬ್ರಿಟಿಷ್ ದೊಡ್ಡ ಹಲ್ಲು) ಇದೆ, ಬಿಎಸ್‌ಎಫ್ (ಅದರದೇ ಸಣ್ಣ ಹಲ್ಲಿನ ರೂಪ) ಇದೆ. ಲ್ಯೂಕಾಸ್ ಮಾದರಿಯ ಎಲೆಕ್ಟ್ರಿಕಲ್ ಸಾಮಾನಿನಲ್ಲಿ ಸಣ್ಣ ಬಿಎ (ಬ್ರಿಟಿಷ್ ಅಸೋಸಿಯೇಷನ್) ಸ್ಕ್ರೂ ಸಿಗುತ್ತವೆ. ಬಿಎ ಇನ್ನೂ ವಿಚಿತ್ರ. ಬ್ರಿಟಿಷರದ್ದೇ ಆದರೂ ಅಳತೆ ಮಿಲಿಮೀಟರಿನದು, ಹಲ್ಲಿನ ಕೋನ 47.5 ಡಿಗ್ರಿ. 0 ಬಿಎ ಅಂದರೆ 6 ಮಿಮೀ ದಪ್ಪ, 1 ಮಿಮೀ ಪಿಚ್. ನಂಬರ್ ಜಾಸ್ತಿ ಆದಂತೆ ಸ್ಕ್ರೂ ಸಣ್ಣದು.

ಬೋಲ್ಟಿನ ತಲೆಯನ್ನು ಎಷ್ಟು ನಂಬಬೇಕು

ಸ್ವಲ್ಪ. ತಲೆ ಮೇಲೆ 8.8 ಅಥವಾ 10.9 ಅಂತ ಇದ್ದರೆ ಮೆಟ್ರಿಕ್. ನಡುವಿನಿಂದ ಹೊರಗೆ ಹೋಗುವ ಮೂರು ಗೆರೆ ಇದ್ದರೆ ಇಂಚು, ಗ್ರೇಡ್ (ಬಲದ ದರ್ಜೆ) 5. ಆರು ಗೆರೆ ಇದ್ದರೆ ಗ್ರೇಡ್ 8. ಬ್ರಿಟಿಷ್ ಯೂನಿಫೈಡ್ ಬೋಲ್ಟಿನ ತಲೆಯಲ್ಲಿ ಒಂದು ಗುಂಡನೆಯ ಕುಳಿ ಇರುತ್ತದೆ, ಅಥವಾ ಬದಿಯಲ್ಲಿ ಸರಪಳಿಯಂತೆ ಸಣ್ಣ ಉಂಗುರಗಳು. ಏನೂ ಇಲ್ಲದಿದ್ದರೆ ಏನೂ ಹೇಳುವಂತಿಲ್ಲ.

ಪಾನಾ ಅಳತೆಯನ್ನಂತೂ ಸಾಕ್ಷಿ ಅಂತ ತೆಗೆದುಕೊಳ್ಳಬೇಡಿ. 5/16 ಯುಎನ್‌ಎಫ್ ತಲೆ ಅರ್ಧ ಇಂಚು, 12.7 ಮಿಮೀ. ಎಂ8 ತಲೆ 13. ಕ್ವಾರ್ಟರ್ ವಿಟ್ವರ್ತ್ ತಲೆ 13.3. ಸವೆದ 13ರ ಪಾನಾ ಈ ಮೂರರ ಮೇಲೂ ಒಂದಲ್ಲ ಒಂದು ರೀತಿ ಕೂರುತ್ತದೆ. ವಿಟ್ವರ್ತ್ ಪಾನಾ ಇನ್ನೊಂದು ಗೊಂದಲ. ಅದರ ಮೇಲೆ 1/4 ಅಂತ ಕೆತ್ತಿದ್ದರೆ ಅದು ಬಾಯಿಯ ಅಗಲ ಅಲ್ಲ, ಬೋಲ್ಟಿನ ದಪ್ಪ. ಅದೇ ಬಾಯಿ 5/16 ಬಿಎಸ್‌ಎಫ್‌ಗೂ ಆಗುತ್ತದೆ, ಯಾಕಂದರೆ ಬಿಎಸ್‌ಎಫ್ ತಲೆ ಒಂದು ಸೈಜ್ ಸಣ್ಣದು. ಇಷ್ಟು ಸಾಲದು ಅಂತ, ಹಿಂದೆ ಮಾರಿಸ್ ಎಂಜಿನ್‌ಗಳಲ್ಲಿ ಮೆಟ್ರಿಕ್ ಥ್ರೆಡ್ಡಿಗೆ ವಿಟ್ವರ್ತ್ ತಲೆ ಇಟ್ಟಿದ್ದರು. ಅವರ ಎಂಜಿನ್ ಕಾರ್ಖಾನೆ ಮೊದಲು ಫ್ರೆಂಚ್ ಹಾಚ್ಕಿಸ್ ಕಂಪನಿಯದು, ಮಶೀನುಗಳೆಲ್ಲ ಮೆಟ್ರಿಕ್, ಗಿರಾಕಿಗಳ ಕೈಯಲ್ಲಿ ವಿಟ್ವರ್ತ್ ಪಾನಾ. ಎಂಜಿ ಟಿ-ಸೀರೀಸ್ ಕಾರುಗಳವರೆಗೂ ಅದು ನಡೆಯಿತು.

ಅಳೆಯುವುದು

ಒಂದು ವರ್ನಿಯರ್, ಒಂದು ಪಿಚ್ ಗೇಜ್. ಗೇಜ್ ಎರಡು ಬಗೆ, 60 ಡಿಗ್ರಿಯದು ಮತ್ತು 55ರದು, ಎರಡೂ ಒಂದೇ ಹಿಡಿಯಲ್ಲಿ ಸಿಗುವುದು ತೆಗೆದುಕೊಳ್ಳಿ. ಪುಣೆಯ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಸಿಗುತ್ತದೆ, ಮುಂಬೈಯವರಾದರೆ ನಾಗದೇವಿ ಸ್ಟ್ರೀಟ್.

ಬೋಲ್ಟನ್ನು ಡೀಸೆಲ್‌ನಲ್ಲಿ ಒಂದು ರಾತ್ರಿ ಹಾಕಿ, ವೈರ್ ಬ್ರಶ್ ಹೊಡೆಯಿರಿ. ಪುಣೆಯ ಒಂದು ಮಳೆಗಾಲ ಕಂಡ ಬೋಲ್ಟಿನ ಹಲ್ಲಿನ ಬುಡದಲ್ಲಿ ಗಟ್ಟಿ ಮಣ್ಣು ಕೂತಿರುತ್ತದೆ, ಅದರ ಮೇಲೆ ಗೇಜ್ ಇಟ್ಟರೆ ಯಾವ ಎಲೆಯೂ ಕೂರುವುದಿಲ್ಲ. ಆಮೇಲೆ ಸವೆಯದ ಜಾಗ ಹುಡುಕಿ, ಸಾಮಾನ್ಯವಾಗಿ ತಲೆಯ ಹತ್ತಿರದ ಹಲ್ಲುಗಳು, ಅಲ್ಲಿ ದಪ್ಪ ಅಳೆಯಿರಿ. ನಿಜವಾದ ಬೋಲ್ಟ್ ಯಾವತ್ತೂ ಹೆಸರಿನ ಅಳತೆಗಿಂತ 0.05ರಿಂದ 0.2 ಮಿಮೀ ಕಡಿಮೆಯೇ ಇರುತ್ತದೆ. ಎಂ10 ಅಂದರೆ 9.85 ಕಾಣುತ್ತದೆ, 10.00 ಅಲ್ಲ. ಇದು ಗೊತ್ತಿಲ್ಲದೆ ನಾನು ಒಮ್ಮೆ 7.86 ಬಂದ ಬೋಲ್ಟನ್ನು "7.94ಕ್ಕೆ ಹತ್ತಿರ, ಹಾಗಾದರೆ 5/16" ಅಂತ ತೀರ್ಪು ಕೊಟ್ಟು ಇಡೀ ಭಾನುವಾರ ಕಳೆದುಕೊಂಡೆ. ಅದು ಎಂ8.

ಪಿಚ್ಚಿಗೆ ಗೇಜ್ ಇಲ್ಲದಿದ್ದರೆ ಹತ್ತು ಹಲ್ಲಿನ ದೂರ ಅಳೆಯಿರಿ. ಒಂದು ತುದಿಯ ಹಲ್ಲನ್ನು ಸೊನ್ನೆ ಅಂತ ಶುರು ಮಾಡಿ ಹತ್ತನೆಯದಕ್ಕೆ ನಿಲ್ಲಿಸಬೇಕು. ಒಂದು ಅಂತ ಶುರು ಮಾಡಿದರೆ ಲೆಕ್ಕ ತಪ್ಪುತ್ತದೆ, ಎಲ್ಲರೂ ಮಾಡುವ ತಪ್ಪು ಇದು. ಇನ್ನೊಂದು ದಾರಿ ಸ್ಟ್ಯಾಂಪ್ ಪ್ಯಾಡ್. ಬೋಲ್ಟಿಗೆ ಶಾಯಿ ಹಚ್ಚಿ ಬಿಳಿ ಹಾಳೆಯ ಮೇಲೆ ಉದ್ದಕ್ಕೆ ಒತ್ತಿ, ಗೆರೆಗಳು ಮೂಡುತ್ತವೆ, ಸ್ಕೇಲ್ ಇಟ್ಟು ಎಣಿಸಿ. ಕನ್ನಡಕ ಬಂದ ವಯಸ್ಸಿನವರಿಗೆ ಇದೇ ಒಳ್ಳೆಯದು.

ಮತ್ತೊಂದು, ಕಾಕಾ ಹೇಳಿಕೊಟ್ಟದ್ದು. ಹಳೆಯ ಸ್ಕೂಟರಿನ ಸ್ಪಾರ್ಕ್ ಪ್ಲಗ್ 14 ಮಿಮೀ, ಅದರ ಪಿಚ್ 1.25. ಗಾಡಿ ಯಾವ ದೇಶದ್ದೇ ಇರಲಿ, 14ರ ಪ್ಲಗ್ ಅಂದರೆ 1.25. ಈಗಿನ ಬೈಕುಗಳಲ್ಲಿ ಬರುವ ಸಣ್ಣ 10 ಮಿಮೀ ಪ್ಲಗ್‌ನ ಪಿಚ್ 1.0. ಬೋಲ್ಟನ್ನು ಪ್ಲಗ್ಗಿನ ಪಕ್ಕ ಒತ್ತಿ ಹಿಡಿದು, ಬೆಳಕಿಗೆ ಎತ್ತಿ ನೋಡಿ. ಹಲ್ಲು ಹಲ್ಲಿನೊಳಗೆ ಕೂತು ನಡುವೆ ಬೆಳಕು ಕಾಣದಿದ್ದರೆ ಒಂದೇ ಪಿಚ್. ಎಂ8 ಹೌದೋ ಅಲ್ಲವೋ ಅಂತ ತಿಳಿಯಲು ಇಷ್ಟು ಸಾಕು. 5/16 ಯುಎನ್‌ಎಫ್ ಹಿಡಿದರೆ ಮೂರ್ನಾಲ್ಕು ಹಲ್ಲಿಗೇ ತಪ್ಪುತ್ತದೆ.

ತೂತಿನ ಥ್ರೆಡ್ ತಿಳಿಯಬೇಕಾದರೆ ಮೆತ್ತನೆ ಮರದ ಚೂರನ್ನು ಒಂದು ಬದಿಗೆ ಒತ್ತಿ ತೆಗೆಯಿರಿ, ಹಲ್ಲಿನ ಗುರುತು ಮೂಡಿರುತ್ತದೆ. ಅದಕ್ಕಿಂತ ಒಳ್ಳೆಯದು ಗುರುತು ಗೊತ್ತಿರುವ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ನೋಡುವುದು. ಬೆರಳಲ್ಲಿ ಮಾತ್ರ.

ಯಾವ ಸೈಜಿಗೆ ಯಾವ ಅಳತೆ ತೀರ್ಪು ಕೊಡುತ್ತದೆ

ಇದು ನನಗೆ ತಡವಾಗಿ ಹೊಳೆದದ್ದು. ಕೆಲವು ಸೈಜಿಗೆ ದಪ್ಪ ನಿಜ ಹೇಳುತ್ತದೆ, ಪಿಚ್ ಸುಳ್ಳು ಹೇಳುತ್ತದೆ. ಕೆಲವಕ್ಕೆ ಉಲ್ಟಾ.

6 ಮಿಮೀ ಆಸುಪಾಸು ದಪ್ಪ ನೋಡಿ. ಎಂ6 ಆದರೆ 5.9, ಕ್ವಾರ್ಟರ್ ಇಂಚು ಆದರೆ 6.25, 6.3. ಪಿಚ್ ಇಲ್ಲಿ ಮೋಸ ಮಾಡುತ್ತದೆ, ಯಾಕಂದರೆ ಎಂ6ರ 1.0 ಪಿಚ್ ಅಂದರೆ ಇಂಚಿಗೆ 25.4 ಹಲ್ಲು, ಬುಲೆಟ್ಟಿನ ಕ್ವಾರ್ಟರ್ ಸೈಕಲ್ ಥ್ರೆಡ್ 26, ಕ್ವಾರ್ಟರ್ ಬಿಎಸ್‌ಎಫ್ ಕೂಡ 26. ಹಾಗಾಗಿ ಬುಲೆಟ್ ತೂತಿನಲ್ಲಿ ಎಂ6 ಬೋಲ್ಟ್ ಆರಾಮಾಗಿ ಹೋಗುತ್ತದೆ. ಎಂಜಿನ್ ಕವರ್ ಸ್ಕ್ರೂ "ಎಷ್ಟು ತಿರುಗಿಸಿದರೂ ಗಟ್ಟಿ ಆಗಲ್ಲ, ಆಯಿಲ್ ಸೋರುತ್ತೆ" ಅನ್ನುವ ಬುಲೆಟ್‌ಗಳಲ್ಲಿ ಮೊದಲು ಇದನ್ನೇ ನೋಡಿ.

8 ಮಿಮೀ ಆಸುಪಾಸು ದಪ್ಪ ಏನೂ ಹೇಳುವುದಿಲ್ಲ. 5/16 ಅಂದರೆ 7.94, ಎಂ8 ಅಂದರೆ 8.00, ಸವೆದ ಮೇಲೆ ಎರಡೂ ಒಂದೇ. ಇಲ್ಲಿ ಪಿಚ್ಚೇ ನ್ಯಾಯಾಧೀಶ. ಹತ್ತು ಹಲ್ಲಿಗೆ 12.5 ಮಿಮೀ ಬಂದರೆ ಎಂ8. 10.6 ಬಂದರೆ ಇಂಚಿಗೆ 24, ಯುಎನ್‌ಎಫ್. 11.5 ಬಂದರೆ 22, ಬಿಎಸ್‌ಎಫ್. 14.1 ಬಂದರೆ 18, ಯುಎನ್‌ಸಿ ಅಥವಾ ವಿಟ್ವರ್ತ್. 9.8 ಬಂದರೆ 26, ಸೈಕಲ್ ಥ್ರೆಡ್. ಈ ಒಂದು ಸೈಜಿನ ಲೆಕ್ಕವನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ, ಯಾಕಂದರೆ ಹಳೆಯ ಗಾಡಿಯಲ್ಲಿ ಜಾಸ್ತಿ ಸಿಗುವುದು ಇದೇ.

10ಕ್ಕೆ ಮತ್ತೆ ದಪ್ಪ. 3/8 ಅಂದರೆ 9.5, ಎಂ10 ಅಂದರೆ 9.85. ಗೊತ್ತಾಗುತ್ತದೆ. ಆದರೆ ಎಂ10 ಅಂತ ತಿಳಿದ ಮೇಲೂ ಪಿಚ್ ಕೇಳಬೇಕು, 1.5 ಸಾಮಾನ್ಯ, ಜಪಾನ್ ಮೂಲದ ಗಾಡಿಗಳಲ್ಲಿ 1.25. 11.1 ಬಂದರೆ ಖುಷಿ ಪಡಿ, ಅದು 7/16, ಗಾಡಿಗಳಲ್ಲಿ ಮೆಟ್ರಿಕ್‌ನ ಯಾವುದೂ ಅದರ ಹತ್ತಿರ ಬರುವುದಿಲ್ಲ. 12 ಮತ್ತು ಅರ್ಧ ಇಂಚಿನ ಕಥೆ ಮೇಲೆ ಹೇಳಿದ್ದೇನೆ.

55 ಮತ್ತು 60 ಡಿಗ್ರಿ

ವಿಟ್ವರ್ತ್ 1841ರಲ್ಲಿ ಮಾಡಿದ ಥ್ರೆಡ್ಡಿನ ಕೋನ 55 ಡಿಗ್ರಿ, ಹಲ್ಲಿನ ತುದಿ ಮತ್ತು ಬುಡ ಎರಡೂ ಗುಂಡಗೆ. 1908ರಲ್ಲಿ ಬಂದ ಬಿಎಸ್‌ಎಫ್‌ದೂ ಅದೇ ಕೋನ. ಯೂನಿಫೈಡ್, ಮೆಟ್ರಿಕ್, ಸೈಕಲ್ ಥ್ರೆಡ್ ಮೂರೂ 60. ಹೀಗಾಗಿ 3/8 ವಿಟ್ವರ್ತ್ ಮತ್ತು 3/8 ಯುಎನ್‌ಸಿ ಎರಡಕ್ಕೂ ಇಂಚಿಗೆ 16 ಹಲ್ಲು, ದಪ್ಪವೂ ಒಂದೇ, ಆದರೂ ಒಂದೇ ಅಲ್ಲ. ನಟ್ ತಿಣುಕುತ್ತಾ ಹೋಗುತ್ತದೆ. ಮಡ್‌ಗಾರ್ಡ್ ಬೋಲ್ಟಿಗೆ ಹಾಗೆ ಹಾಕಿದವರನ್ನು ನಾನು ಬೈಯುವುದಿಲ್ಲ. ಸ್ಟೀರಿಂಗ್, ಬ್ರೇಕ್, ಸ್ಪ್ರಿಂಗ್ ಜಾಗದಲ್ಲಿ ಹಾಕಿದರೆ ಬೈಯುತ್ತೇನೆ. ಅರ್ಧ ಇಂಚಿನಲ್ಲಿ ಈ ಅನುಕೂಲವೂ ಇಲ್ಲ, ವಿಟ್ವರ್ತ್ 12, ಯುಎನ್‌ಸಿ 13.

ಕೋನ ತಿಳಿಯಲು ಗೇಜಿನ ಎರಡೂ ಬಗೆಯ ಎಲೆ ಇಟ್ಟು ಬೆಳಕಿಗೆ ಹಿಡಿಯಬೇಕು. 60ರ ಎಲೆ 55ರ ಹಲ್ಲಿನ ಬುಡಕ್ಕೆ ಮುಟ್ಟದೆ ಸಣ್ಣ ಬೆಳಕಿನ ಗೆರೆ ಬಿಡುತ್ತದೆ. ನಿಜ ಹೇಳಬೇಕೆಂದರೆ ತುಕ್ಕು ಹಿಡಿದ ಬೋಲ್ಟಿನಲ್ಲಿ ಇದು ಕಾಣುವುದು ಕಷ್ಟ. ಅಲ್ಲಿ ಗಾಡಿಯ ಮನೆತನವನ್ನೇ ಕೇಳಿ.

ಬ್ರೇಕ್ ಪೈಪ್, ಆಯಿಲ್ ಸೆಂಡರ್

ಈ ಎರಡು ಜಾಗದಲ್ಲಿ ಅಂದಾಜು ಬೇಡ. ಜೀಪಿನ ಸಣ್ಣ ಬ್ರೇಕ್ ಪೈಪಿನ ನಟ್ 3/8, ಇಂಚಿಗೆ 24. ಈಗಿನ ಕಾರುಗಳಲ್ಲಿ ಎಂ10 × 1. ಇಂಚಿನ ನಟ್ 9.5, ಮೆಟ್ರಿಕ್ ತೂತು 10, ಪಿಚ್ 1.06 ಮತ್ತು 1.0. ಅಂದರೆ ಇಂಚಿನ ನಟ್ ಮೆಟ್ರಿಕ್ ಸಿಲಿಂಡರಿನೊಳಗೆ ಸಡಿಲವಾಗಿ ಹೋಗಿ ಕೆಲವು ಹಲ್ಲಿನಲ್ಲಿ ಹಿಡಿದ ಹಾಗೆ ನಟಿಸುತ್ತದೆ, ಜೋರಾಗಿ ಬ್ರೇಕ್ ಒತ್ತಿದ ದಿನ ಬಿಡುತ್ತದೆ. ಪೈಪಿನ ತುದಿಯನ್ನೂ ನೋಡಿ. ಜೀಪಿನದು ಒಳಗೆ ಮಡಚಿದ ಡಬಲ್ ಫ್ಲೇರ್, ಹಲವು ಮೆಟ್ರಿಕ್ ಗಾಡಿಗಳಲ್ಲಿ ಗುಳ್ಳೆಯಂಥ ತುದಿ. ಬದಲಿಸಿದ ಸಿಲಿಂಡರಿಗೆ ಹಳೆಯ ಪೈಪ್ ಹೋಗುತ್ತಿಲ್ಲ ಅಂದರೆ ಪೈಪನ್ನೇ ಹೊಸದಾಗಿ ಮಾಡಿಸಿ, ಟ್ಯಾಪ್ (ತೂತಿನಲ್ಲಿ ಹಲ್ಲು ಕೊರೆಯುವ ಹತ್ಯಾರ) ಹೊಡೆಯಬೇಡಿ.

ಆಯಿಲ್ ಪ್ರೆಶರ್ ಸೆಂಡರ್ (ಆಯಿಲ್ ಒತ್ತಡವನ್ನು ಮೀಟರಿಗೆ ತಿಳಿಸುವ ಸಾಮಾನು) ಸೋರುತ್ತಿದ್ದರೆ ಟೆಫ್ಲಾನ್ ಟೇಪ್ ಸುತ್ತುವ ಮೊದಲು ಅಳೆಯಿರಿ. ಮೂರು ತಮ್ಮಂದಿರು ಇಲ್ಲಿ ಒಂದೇ ಮುಖದವರು. 1/8 ಎನ್‌ಪಿಟಿ ಅಮೆರಿಕನ್ ಪೈಪ್ ಥ್ರೆಡ್, ಮೊನೆಯ ಕಡೆ ಸಣ್ಣದಾಗುತ್ತಾ ಹೋಗುತ್ತದೆ, ಇಂಚಿಗೆ 27. 1/8 ಬಿಎಸ್‌ಪಿ ಬ್ರಿಟಿಷ್ ಪೈಪ್ ಥ್ರೆಡ್, 28, ಹೊರ ದಪ್ಪ 9.73. ಎಂ10 × 1 ಮೆಟ್ರಿಕ್, 25.4. ಮೂರೂ ಒಂದು ಸುತ್ತು ಹೋಗುತ್ತವೆ. ಪೈಪಿನ 1/8 ಅನ್ನುವುದು ಒಳತೂತಿನ ಹಳೆಯ ಹೆಸರು, ಅದನ್ನು ಹೊರಗಡೆ ಅಳೆದು ಹುಡುಕಬೇಡಿ.

ಅಂಗಡಿಯಲ್ಲಿ ಕೇಳುವುದು

ಬೋಹರಿ ಆಳಿಯಲ್ಲಿ ಯುಎನ್‌ಎಫ್ ಅಂದರೆ ಕೆಲವರು ಮುಖ ನೋಡುತ್ತಾರೆ. ಅಲ್ಲಿನ ಮಾತು ಸೂತು. ಒಂದು ಸೂತು ಅಂದರೆ ಇಂಚಿನ ಎಂಟನೇ ಒಂದು. ದೋನ್ ಸೂತ್ ಅಂದರೆ 1/4, ಅಡೀಚ್ ಸೂತ್ ಅಂದರೆ 5/16, ತೀನ್ ಸೂತ್ 3/8, ಸಾಡೇತೀನ್ 7/16, ಚಾರ್ ಸೂತ್ ಅರ್ಧ ಇಂಚು. ಆಮೇಲೆ ಕೇಳುತ್ತಾರೆ, "ಆಟೆ ಕುಠಲೆ?" ಮರಾಠಿಯಲ್ಲಿ ಥ್ರೆಡ್ಡಿಗೆ ಆಟೆ. ನಾನು ಪುಣೆಗೆ ಬಂದ ಹೊಸತರಲ್ಲಿ ಯಾವ ಆಟ ಅಂತ ಕೇಳುತ್ತಿದ್ದಾನೆ ಈತ ಅಂದುಕೊಂಡಿದ್ದೆ. ಹಿಂದಿಯವರು ಚೂಡಿ ಅನ್ನುತ್ತಾರೆ, ಬಾರೀಕ್ ಚೂಡಿ ಅಂದರೆ ಸಣ್ಣ ಹಲ್ಲು, ಮೋಟಿ ಚೂಡಿ ಅಂದರೆ ದೊಡ್ಡ ಹಲ್ಲು. ಆದರೆ ಬಾರೀಕ್ ಅಂದರೆ ಯುಎನ್‌ಎಫ್ಫೋ ಬಿಎಸ್‌ಎಫ್ಫೋ ಅಂತ ಆ ಮಾತಿನಲ್ಲಿಲ್ಲ. 5/16ರಲ್ಲಿ ಒಂದು 24, ಇನ್ನೊಂದು 22. ಹಾಗಾಗಿ ಒಳ್ಳೆಯ ನಟ್ ಒಂದನ್ನು ಜೇಬಲ್ಲಿ ಇಟ್ಟುಕೊಂಡೇ ಹೋಗಿ. ಅಂಗಡಿಯವರ ಮುಂದೆ ಐದು ಸುತ್ತು ತಿರುಗಿಸಿ, ಅಲ್ಲಾಡಿಸಿ, ಆಮೇಲೆ ದುಡ್ಡು ಕೊಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಭಾನುವಾರ ಜುನಾ ಬಜಾರಿನಲ್ಲಿ ಹಳೆಯ ಬೋಲ್ಟ್ ರಾಶಿ ಸಿಗುತ್ತದೆ. ಅಲ್ಲಿ ವಿಟ್ವರ್ತ್ ಪಾನಾ ಸಿಕ್ಕರೆ ಬಿಡಬೇಡಿ. ಬೋಲ್ಟ್ ಮಾತ್ರ, ಬಾಡಿ ಕೆಲಸಕ್ಕೆ ಬಿಟ್ಟು ಬೇರೆಲ್ಲೂ ಹಾಕಬೇಡಿ. ಅದು ಎಷ್ಟು ಎಳೆದುಕೊಂಡಿದೆ ಅಂತ ಯಾರಿಗೆ ಗೊತ್ತು?

ತೂತು ಕೆಟ್ಟಿದ್ದರೆ

ಗುರುತು ಸಿಗದ ತೂತಿಗೆ ಟ್ಯಾಪ್ ಹಾಕಿ "ಕ್ಲೀನ್ ಮಾಡೋಣ" ಅನ್ನಬೇಡಿ. ಟ್ಯಾಪ್ ಕತ್ತರಿಸುವ ಹತ್ಯಾರ, ತಪ್ಪು ಟ್ಯಾಪ್ ಉಳಿದ ಅರ್ಧ ಹಲ್ಲನ್ನೂ ತಿನ್ನುತ್ತದೆ. ಥ್ರೆಡ್ ತಿಳಿದ ಮೇಲೆ ಅದೇ ಥ್ರೆಡ್ಡಿನ ಒಂದು ಒಳ್ಳೆಯ ಬೋಲ್ಟ್ ತೆಗೆದುಕೊಂಡು, ಹ್ಯಾಕ್ಸಾದಲ್ಲಿ ಉದ್ದಕ್ಕೆ ಎರಡು ಸೀಳು ಹಾಕಿ, ಗ್ರೀಸ್ ಹಚ್ಚಿ ಮೆಲ್ಲಗೆ ಒಳಗೆ ಹೊರಗೆ ತಿರುಗಿಸಿ. ಕೊಳೆ ಸೀಳಿನಲ್ಲಿ ಬರುತ್ತದೆ, ಹಲ್ಲು ಹಾಗೇ ಉಳಿಯುತ್ತದೆ. ಹಲ್ಲೇ ಹೋಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಹೊಸ ಹಲ್ಲಾಗುವ ಸ್ಪ್ರಿಂಗಿನಂಥ ತಂತಿ) ಹಾಕಿಸಿ, ಅದೇ ಹಳೆಯ ಸೈಜಿಗೆ. ಇಂಚಿನ ತೂತನ್ನು ಮೆಟ್ರಿಕ್ ಮಾಡಿದರೆ ಮುಂದಿನವರಿಗೆ ನೀವೇ ಆ "ಯಾರೋ" ಆಗುತ್ತೀರಿ.

ಇನ್ನೊಂದು, ಬೇಗ ಹೇಳಿ ಮುಗಿಸುತ್ತೇನೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಗಡೆಯ ಚಕ್ರದ ಸ್ಟಡ್ ಉಲ್ಟಾ ಥ್ರೆಡ್ ಇರಬಹುದು, ತುದಿಯಲ್ಲಿ ಎಲ್ ಅಕ್ಷರ ಇರುತ್ತದೆ. ನಟ್ ಬಿಚ್ಚುತ್ತಿಲ್ಲ ಅಂತ ಪೈಪ್ ಹಾಕಿ ಎಳೆಯುವ ಮೊದಲು ಬಟ್ಟೆಯಲ್ಲಿ ಒರೆಸಿ ಅದನ್ನು ಹುಡುಕಿ. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡಿ ಸ್ಟಡ್ ಮುರಿದವರು ಬಹಳ. ನನ್ನ ಹಬ್ಬಿನ ಆ ಎರಡು ಸ್ಟಡ್ ಹಾಗೇ ಮುರಿದಿರಬೇಕು ಅಂತ ಕಾಕಾ ಅನುಮಾನ.

ಹಬ್ ಬಿಚ್ಚಿ, ವೆಲ್ಡ್ ಗ್ರೈಂಡ್ ಮಾಡಿ, ಎರಡೂ ಸ್ಟಡ್ ಪ್ರೆಸ್ಸಿನಲ್ಲಿ ಹೊರಗೆ ತೆಗೆಸಿದೆವು. ಕೂರುವ ತೂತು ಕೆಟ್ಟಿದೆಯೇ ಅಂತ ಅಳೆದೆವು, ಪುಣ್ಯಕ್ಕೆ ಸರಿ ಇತ್ತು. ಅರ್ಧ ಇಂಚಿನ ಸ್ಟಡ್ ಐದೂ ಹೊಸದು ಹಾಕಿದೆ, ನಟ್ ಐದೂ ಹೊಸದು, ಯಾಕಂದರೆ ಸಡಿಲ ಸ್ಟಡ್ಡಿನ ಮೇಲೆ ಓಡಿದ ನಟ್ಟಿನ ಹಲ್ಲಿನ ತುದಿ ಸವೆದಿರುತ್ತದೆ, ಪಕ್ಕದ ಮೂರು ಸ್ಟಡ್ ಐವರ ಭಾರ ಹೊತ್ತಿರುತ್ತವೆ. ಟಾರ್ಕ್ ಪಾನಾದಲ್ಲಿ ನಕ್ಷತ್ರದ ಕ್ರಮದಲ್ಲಿ ಬಿಗಿ ಮಾಡಿ, ತಳೇಗಾಂವ್‌ವರೆಗೆ ಹೋಗಿ ಬಂದು ಮತ್ತೆ ಪಾನಾ ಇಟ್ಟೆ. ಯಾವುದೂ ಅಲ್ಲಾಡಲಿಲ್ಲ. ಮತ್ತೆ ಉಳಿದ ಮೂರು ಚಕ್ರದ ಹದಿನೈದು ಸ್ಟಡ್ ಅಳೆದೆ. ಹಿಂದಿನ ಬಲಗಡೆ ಒಂದು 11.87 ಬಂತು.